ಅಲಾರಂ ಅಣ್ಣನಿಗೊಂದು ಲೈಸೆನ್ಸು

ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಧಾರಾಳವಾಗಿ ಮಾಡಬಹುದಾದ ಕೆಲಸಗಳು ಕೆಲವಿವೆ. ಕೇಳದವರಿಗೆ ಬುದ್ಧಿ ಹೇಳುವುದು, ಬೇಡವೆಂದವರಿಗೆ ಹೆಣ್ಣು ತೋರಿಸುವುದು, ಬಸ್ಸಿನಲ್ಲಿ ಪಕ್ಕದವರ ಪೇಪರು ಓದುವುದು. ಈಚೆಗೆ ಈ ಪಟ್ಟಿಗೆ ಇನ್ನೊಂದು ಸೇರಿದೆ: ಕಳ್ಳ ಬಂದರೆ ಕೂಗುವ ಯಂತ್ರವನ್ನು ಊರವರ ಮನೆಗೆ ಕೂಡಿಸುವುದು.

ಉಳಿದದ್ದಕ್ಕೆಲ್ಲ ಕಾಗದ ಬೇಕು. ಒಂದು ಕಾಲಕ್ಕೆ ಸೈಕಲ್ಲಿಗೂ ಮುನಿಸಿಪಾಲಿಟಿಯ ತಗಡಿನ ಬಿಲ್ಲೆ ಇರಬೇಕಿತ್ತು. ಧಾರವಾಡ ಆಕಾಶವಾಣಿಯಲ್ಲಿ ಮಳೆ ಬರುತ್ತದೋ ಇಲ್ಲವೋ ಕೇಳಬೇಕೆಂದರೆ ಪೋಸ್ಟಾಫೀಸಿಗೆ ಹೋಗಿ ವರ್ಷಾವರ್ಷ ರೇಡಿಯೋ ಲೈಸೆನ್ಸಿನ ಫೀ ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಕಾಗದ ಕೇಳುವ ಚಟ ನಮ್ಮ ಸೀಮೆಗಂತೂ ಹಳೆಯದು. 1800ರಲ್ಲಿ ನಿಜಾಮ ಈ ಭಾಗವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಮಠದ ಇನಾಮಿನ ತನಿಖೆಗೆ ಹೋದಾಗ ಸ್ವತಃ ರಾಘವೇಂದ್ರ ರಾಯರೇ ಬೃಂದಾವನದಿಂದ ಎದ್ದು ಬಂದು ಅವನ ಪ್ರಶ್ನೆಗೆ ಉತ್ತರ ಕೊಟ್ಟರೆಂದು ಮಂತ್ರಾಲಯದಲ್ಲಿ ಇಂದಿಗೂ ಹೇಳುತ್ತಾರೆ. ರಾಯರಿಗೇ ತಪ್ಪಲಿಲ್ಲ. ಅಲಾರಂ ಅಣ್ಣನಿಗೆ ಮಾತ್ರ ತಪ್ಪಿದೆ.

ನಾನು ಹೇಳುತ್ತಿರುವುದು ಮಾಧವರಂ ಕಡೆಯ ಮಾತು. ಮಂತ್ರಾಲಯದಿಂದ ರಾಯಚೂರಿಗೆ ಹೊರಟರೆ ತುಂಗಭದ್ರೆಯ ಸೇತುವೆ ಹತ್ತುವ ಮುನ್ನ ಸಿಗುವ ಊರು. ಹೊಳೆ ದಾಟಿದರೆ ಗಿಲ್ಲೇಸುಗೂರಿನ ದಾರಿ, ಕರ್ನಾಟಕ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದರ ಪಾಲಿಗೆ ಬಂದವು. ಮಂದಿ ಇದ್ದಲ್ಲೇ ಇದ್ದರು, ರಾಜ್ಯ ಬದಲಾಯಿತು. ಅಂದಿನಿಂದ ಇಲ್ಲಿ ಮನೆಯೊಳಗೆ ಕನ್ನಡ, ಆಫೀಸಿನಲ್ಲಿ ತೆಲುಗು, ಜಗಳದಲ್ಲಿ ಎರಡೂ.

ಗಡಿಯೆಂದ ಮೇಲೆ ತಪಾಸಣೆ ಇದ್ದದ್ದೇ. ಆ ದಂಡೆಯ ಬಾಟಲಿ ಈ ದಂಡೆಗೆ ಬಂದರೆ ಚೀಲ ಬಿಚ್ಚಿಸಿ ಅದರ ಕುಲಗೋತ್ರ ವಿಚಾರಿಸುವ ಪೊಲೀಸರಿದ್ದಾರೆ. ಆದರೆ ಬೈಕಿನ ಟ್ಯಾಂಕಿನ ಮೇಲೆ ಡ್ರಿಲ್ ಮಷೀನು, ಹೆಗಲಿಗೆ ವೈರಿನ ಸುರುಳಿ, ಹಿಂದೆ ಏಣಿ ಹಿಡಿದ ಹುಡುಗ, ಹೀಗೆ ಅಲಾರಂ ಅಣ್ಣ ಬಂದರೆ "ಯಾವೂರಪ್ಪಾ?" ಎನ್ನುವವರೂ ಇಲ್ಲ. ಬಾಟಲಿಯಿಂದ ಹಾಳಾಗುವುದು ಒಬ್ಬನ ಲಿವರು. ಈ ಅಣ್ಣನ ತಲೆಯಲ್ಲಿ ನಾಲ್ಕೂರಿನ ತಿಜೋರಿಗಳ ವಿಳಾಸವಿದೆ.

ಅಣ್ಣನನ್ನು ನೀವೂ ಕಂಡಿರುತ್ತೀರಿ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಜಾಗ ಸಾಲದು: ಸಿಸಿ ಕ್ಯಾಮೆರಾ, ಅಲಾರಂ, ಇನ್ವರ್ಟರ್, ಡಿಶ್, ವಾಟರ್ ಫಿಲ್ಟರ್, ಕೊನೆಗೆ ಸಣ್ಣ ಅಕ್ಷರದಲ್ಲಿ ಮದುವೆ ವಿಡಿಯೋ. ಎರಡು ಫೋನು, ಒಂದರಲ್ಲಿ ಆಂಧ್ರದ ನಂಬರು, ಇನ್ನೊಂದರಲ್ಲಿ ಕರ್ನಾಟಕದ್ದು. ಕೊಟೇಶನ್ ಕೊಡುವಾಗ ಎರಡೂ ರಿಂಗಾಗುತ್ತವೆ, ರಿಪೇರಿಗೆ ಕರೆದಾಗ ಎರಡೂ ವ್ಯಾಪ್ತಿ ಪ್ರದೇಶದ ಹೊರಗಿರುತ್ತವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಪ್ರಯಾಣಿಕರ ಬಗ್ಗೆ ಗಾದೆ ಕಟ್ಟಿದವರು, ದುಡ್ಡು ಎಣಿಸಿಕೊಂಡು ಹೊಳೆ ದಾಟುವ ಅಂಬಿಗನನ್ನು ಕಂಡಿರಲಿಲ್ಲ.

ಅವನು ಮನೆಗೆ ಬಂದಾಗ ನಡೆಯುವ ಮಾತುಕತೆಯನ್ನು ಕಳ್ಳರ ಸಂಘದವರು ಪಠ್ಯಪುಸ್ತಕಕ್ಕೆ ಸೇರಿಸಿಕೊಳ್ಳಬಹುದು.

"ಯಮ್ಮಾ, ತಿಜೂರಿ ಎಲ್ಲೈತ್ರಿ?"

"ಅದ್ಯಾಕಪ್ಪಾ ನಿನಗ?"

"ಅಲ್ಲೇ ಎದುರಿಗೆ ಸೆನ್ಸರ್ ಕೂಡಸಬೇಕಲ್ರಿ."

ಸೊಸೆಗೆ ಇಪ್ಪತ್ತು ವರ್ಷ ಗುಟ್ಟು ಬಿಡದ ಯಜಮಾನ್ತಿ ಎದ್ದು ಹೋಗಿ, ದೇವರ ಕೋಣೆಯ ಪಕ್ಕದ ಗೂಡಿನ ಪರದೆ ಸರಿಸಿ ತೋರಿಸುತ್ತಾಳೆ.

"ಮನಿ ಖಾಲಿ ಯಾವಾಗ ಇರ್ತೈತ್ರಿ?"

"ಶ್ರಾವಣದಾಗ ಉರುಕುಂದಿ ಈರಣ್ಣನ ಜಾತ್ರಿಗೆ ಎಲ್ಲಾರೂ ಹೋಗ್ತೀವಿ. ಆಮ್ಯಾಲೆ ಮಗಳ ಮನಿಗೆ ಬೆಂಗಳೂರಿಗೆ."

"ಹಿತ್ತಲ ಬಾಗಲಕ್ಕ ಚಿಲಕ ಗಟ್ಟಿ ಐತೇನ್ರಿ?"

"ಎಲ್ಲಿ ಗಟ್ಟಿ? ಒಂದು ಒದ್ದರ ಬರ್ತೈತಿ."

"ಪಾಸ್‌ವರ್ಡ್ ಏನ್ ಇಡ್ಲಿರಿ?"

"ನಿನಗ ನೆನಪಿರೂದು ಇಡಪ್ಪಾ."

ಕಳ್ಳನಾದರೆ ಇಷ್ಟು ತಿಳಿಯಲು ತಿಂಗಳುಗಟ್ಟಲೆ ಎದುರಿನ ಚಹಾ ಅಂಗಡಿಯಲ್ಲಿ ಕೂತು ಸ್ವಂತ ದುಡ್ಡಿನಲ್ಲಿ ಚಹಾ ಕುಡಿಯಬೇಕಿತ್ತು. ಅಣ್ಣನಿಗೆ ಚಹಾವೂ ನಮ್ಮದೇ, ಜೊತೆಗೆ ಒಗ್ಗರಣೆ ಮಂಡಕ್ಕಿ, ಮೇಲೆ ಅಡ್ವಾನ್ಸು. ಎಲ್ಲ ಅಣ್ಣಂದಿರೂ ಕಳ್ಳರೆಂದು ನಾನು ಹೇಳುತ್ತಿಲ್ಲ. ಬಹಳ ಮಂದಿ ಬಿಸಿಲಿನಲ್ಲಿ ಏಣಿ ಹತ್ತಿ ಹೊಟ್ಟೆ ಹೊರೆಯುವ ಪಾಪದ ಹುಡುಗರೇ. ಆದರೆ ಒಳ್ಳೆಯವನೋ ಕೆಟ್ಟವನೋ ಎಂದು ತಿಳಿಯಲು ನಮ್ಮ ಹತ್ತಿರ ಇರುವ ಸಾಧನ ಒಂದೇ, ಅವನ ಮುಖ. ಅದೂ ಏಣಿಯ ಮೇಲೆ, ಗೋಡೆಯ ಕಡೆ ತಿರುಗಿರುತ್ತದೆ.

ಕೂಡಿಸುವ ಸಾಮಾನೇನು ಬ್ರಹ್ಮವಿದ್ಯೆಯಲ್ಲ. ಬಾಗಿಲ ಚೌಕಟ್ಟಿಗೊಂದು ಪುಟ್ಟ ಸ್ವಿಚ್ಚು, ಬಾಗಿಲಿಗೊಂದು ಆಯಸ್ಕಾಂತ. ಬಾಗಿಲು ಸರಿದರೆ ಆಯಸ್ಕಾಂತ ದೂರವಾಗುತ್ತದೆ, ಪೆಟ್ಟಿಗೆ ಕೂಗುತ್ತದೆ. ಬಾಗಿಲು ತೆರೆದರೆ ಕರೆಂಟು ಹರಿದು ಗಂಟೆ ಬಾರಿಸುವ ಯಂತ್ರಕ್ಕೆ ಅಮೆರಿಕದ ಆಗಸ್ಟಸ್ ಪೋಪ್ ಎಂಬವನು 1853ರಲ್ಲೇ ಪೇಟೆಂಟ್ ಪಡೆದಿದ್ದ. ಬಾಸ್ಟನ್ನಿನ ಎಡ್ವಿನ್ ಹೋಮ್ಸ್ 1857ರಲ್ಲಿ ಆ ಹಕ್ಕನ್ನು ಕೊಂಡು ಮನೆಮನೆಗೆ ಮಾರಿದ. ಜಗತ್ತಿನ ಮೊದಲ ಅಲಾರಂ ಅಣ್ಣನೆಂದು ಅವನ ಫೋಟೋಕ್ಕೆ ನಮ್ಮವರು ಆಯುಧಪೂಜೆಯ ದಿನ ಊದುಬತ್ತಿ ಹಚ್ಚಬಹುದು.

ಕೋಣೆಯೊಳಗಿನದು ಪಿಐಆರ್ ಸೆನ್ಸರ್. ಮೈಬಿಸಿ ಇದ್ದ ಪ್ರಾಣಿ ಎದುರಿಗೆ ಹಾದುಹೋದರೆ, ಸುತ್ತಲಿನ ಬಿಸಿಗೂ ಅದರ ಬಿಸಿಗೂ ಇರುವ ವ್ಯತ್ಯಾಸ ಹಿಡಿದು ಎಚ್ಚರಿಸುವ ಕಣ್ಣು. ತಣ್ಣಗಿನ ದೇಶದಲ್ಲಿ ಬಲು ಚುರುಕು. ನಮ್ಮ ಸೀಮೆಯ ಮೇ ತಿಂಗಳಿನಲ್ಲಿ, ಹಂಚಿನ ಕೆಳಗಿನ ಗಾಳಿಯೇ ಮನುಷ್ಯನ ಮೈಯಷ್ಟು ಕಾದಿರುವಾಗ, ಅದಕ್ಕೆ ಗೋಡೆ ಯಾವುದು ಕಳ್ಳ ಯಾವನು ಎಂದು ತಿಳಿಯುವುದು ಕಷ್ಟ. ಅಂಜನ ಹಚ್ಚಿಕೊಂಡರೆ ಮಾಯವಾಗುತ್ತಿದ್ದ ಕಳ್ಳರ ಕಥೆ ಕೇಳಿದ್ದೆವು. ರಾಯಚೂರು, ಕರ್ನೂಲಿನ ಕಳ್ಳನಿಗೆ ಬೇಸಿಗೆಯೇ ಅಂಜನ. ಅದೇ ಸೆನ್ಸರಿನ ಕಣ್ಣಿನ ಮೇಲೆ ಹಲ್ಲಿ ಹರಿದರೆ ಮಾತ್ರ ಅದಕ್ಕೆ ಆನೆ ಬಂದಷ್ಟು ಗಾಬರಿ.

ತಿಳಿದವನು ಈ ಸೆನ್ಸರನ್ನು ಬಿಸಿಲು ಬೀಳುವ ಕಿಟಕಿಗೆ, ಒಲೆಗೆ ಎದುರಾಗಿ ಇಡುವುದಿಲ್ಲ. ಒಳಬಂದವನು ನೇರ ಅದರತ್ತ ನಡೆದು ಬರುವುದಕ್ಕಿಂತ ಅಡ್ಡ ಹಾಯುವಂತೆ ಮೂಲೆ ನೋಡಿ ಕೂಡಿಸುತ್ತಾನೆ, ಏಕೆಂದರೆ ಅದಕ್ಕೆ ಅಡ್ಡ ನಡಿಗೆಯೇ ಚೆನ್ನಾಗಿ ಕಾಣುವುದು. ನಮ್ಮ ಅಣ್ಣ ಕೋಣೆಗೆ ಹೊಕ್ಕವನೇ ಹುಡುಕುವುದು ಮೂಲೆಯನ್ನಲ್ಲ, ಪ್ಲಗ್ ಪಾಯಿಂಟನ್ನು. ಅದರ ಮೇಲೆ ಸೆನ್ಸರು, ಮೊಬೈಲ್ ಚಾರ್ಜರಿನ ಪಕ್ಕದಲ್ಲಿ ಅಡಾಪ್ಟರು, ಕರೆಂಟು ಹೋದರೆ ನಡೆಸಲು ಎಂದೋ ಸತ್ತ ಇನ್ವರ್ಟರಿನ ಹಳೇ ಬ್ಯಾಟರಿ. ಬ್ಯಾಟರಿ ಜೀವದಿಂದಿದೆಯೇ ಎಂದು ನೋಡುವ ಪರೀಕ್ಷೆ ಸುಲಭ: ಮೇನ್ ಸ್ವಿಚ್ ಇಳಿಸಿ, ಬಾಗಿಲು ತೆಗೆಯುವುದು. ಅಣ್ಣ ಅದನ್ನು ಮಾಡುವುದಿಲ್ಲ. "ಕರೆಂಟು ಹೋದಾಗ ಕಳ್ಳಗೂ ಏನೂ ಕಾಣಂಗಿಲ್ಲಲ್ರಿ" ಎಂದು ಅವನ ಸಮಾಧಾನ.

ಇನ್ನು ಹೂಟರಿನ ವಿಷಯ. ನಮ್ಮ ಓಣಿಯಲ್ಲಿ ಹತ್ತಿ ಕಮಿಷನ್ ವ್ಯಾಪಾರದ ಸಾಹುಕಾರರ ಮನೆಯಲ್ಲಿ ಅದು ಮೊದಲ ಸಲ ಕೂಗಿದ ರಾತ್ರಿ, ದೇವರಗಟ್ಟಿನ ಬನ್ನಿಯ ಬಡಿಗೆ ಕಾಳಗಕ್ಕೆಂದು ಎಣ್ಣೆ ಹಚ್ಚಿಟ್ಟ ಬಡಿಗೆಗಳೆಲ್ಲ ಹೊರಗೆ ಬಂದವು. ಗಂಡಸರು ಹಿತ್ತಲು ಸುತ್ತಿದರು, ಹೆಂಗಸರು ಮಾಳಿಗೆ ಹತ್ತಿದರು, ನಾಯಿಗಳು ಹೂಟರಿನ ಶ್ರುತಿ ಹಿಡಿದು ಊಳಿಟ್ಟವು. ಸಿಕ್ಕಿದ್ದು ಒಂದು ಹಲ್ಲಿ. ಎರಡನೆಯ ಸಲ ಮಂದಿ ಬರಿಗೈಯಲ್ಲಿ ಬಂದರು. ಮೂರನೆಯ ಸಲ ಮಲಗಿದಲ್ಲಿಂದಲೇ ಸಾಹುಕಾರರ ವಂಶಾವಳಿ ಓದಿದರು. ಆಮೇಲೆ ಅದು ಕೂಗಿದರೆ ಓಣಿಯವರು ಹೊದಿಕೆ ಎಳೆದುಕೊಂಡು "ಹಲ್ಲಿ" ಎಂದು ಮಗ್ಗಲು ಬದಲಿಸತೊಡಗಿದರು. ಈಗ ಕಳ್ಳ ನಿಜವಾಗಿ ಬಂದರೆ ಆ ಮನೆಯಷ್ಟು ನಿಶ್ಚಿಂತೆಯ ಜಾಗ ಅವನಿಗೆ ಬೇರೆಲ್ಲೂ ಸಿಗದು.

ಇದು ನಮ್ಮ ಓಣಿಯ ರೋಗವಷ್ಟೇ ಅಲ್ಲ. ಸುಳ್ಳು ಕೂಗಿಗೆ ಓಡಿ ಓಡಿ ದಣಿದ ಅಮೆರಿಕದ ಸಾಲ್ಟ್ ಲೇಕ್ ಸಿಟಿಯವರು 2000ನೇ ಇಸವಿಯಲ್ಲೇ ಒಂದು ನಿಯಮ ಮಾಡಿದರು: ಬರೀ ಅಲಾರಂ ಕೂಗಿದರೆ ಪೊಲೀಸರು ಬರುವುದಿಲ್ಲ, ಮೊದಲು ಯಾರಾದರೂ ಹೋಗಿ ಕಣ್ಣಾರೆ ನೋಡಿ ಹೌದೆನ್ನಬೇಕು. ನಮ್ಮಲ್ಲಿ ಕಾನೂನಿನ ತಮಾಷೆ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದಿನ ಮಿತಿ 45 ಡೆಸಿಬೆಲ್. ಅಣ್ಣನ ಹೂಟರು 100ಕ್ಕೆ ಕಡಿಮೆ ಮಾತಾಡುವುದೇ ಇಲ್ಲ. ಬರಿಗಾಲಲ್ಲಿ ಬಂದು, ಕೀಲಿಗೆ ಎಣ್ಣೆ ಬಿಟ್ಟು, ಕೆಮ್ಮು ನುಂಗಿಕೊಂಡು ಕೆಲಸ ಮುಗಿಸುವ ಕಳ್ಳನೊಬ್ಬನೇ ಆ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವವನು.

ಹಾಗಾದರೆ ಅಣ್ಣನ ಲೈಸೆನ್ಸ್ ಕೇಳೋಣವೆಂದರೆ ಕಾನೂನು ಏನನ್ನುತ್ತದೆ ನೋಡಿ. ಬಾಗಿಲಲ್ಲಿ ಕೋಲು ಹಿಡಿದು ನಿಲ್ಲುವ ಗಾರ್ಡುಗಳನ್ನು ಕಳಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಂತೆ ಲೈಸೆನ್ಸ್ ಬೇಕು. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ. ಗಾರ್ಡಿಗೆ 18 ತುಂಬಿರಬೇಕು, 65 ದಾಟಿರಬಾರದು, ನಡತೆಯ ತಪಾಸಣೆ ಆಗಬೇಕು, ತರಬೇತಿ ಆಗಬೇಕು. ಅಂದರೆ ಗೇಟಿನ ಹೊರಗೆ ಸ್ಟೂಲಿನ ಮೇಲೆ ತೂಕಡಿಸಲು ಇಷ್ಟು ಅರ್ಹತೆ. ಮನೆಯೊಳಗೆ ಹೊಕ್ಕು, ತಿಜೋರಿ ನೋಡಿ, ಪಾಸ್‌ವರ್ಡ್ ಇಟ್ಟುಹೋಗುವವನ ಮಾತು ಆ ಕಾಯ್ದೆಯಲ್ಲಿಲ್ಲ.

ಮನೆಗೆ ಹೊಸ ವೈರಿಂಗ್ ಮಾಡಲು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಬೇಕೆಂದು ವಿದ್ಯುತ್ ಸುರಕ್ಷತೆಯ ನಿಯಮಗಳಿವೆ. ಕ್ಯಾಮೆರಾಕ್ಕೂ ಪರೀಕ್ಷೆಯಿದೆ: ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ ಮುಂದೂಡಿ ಮುಂದೂಡಿ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಂದಿನಿಂದ ಭದ್ರತಾ ಪರೀಕ್ಷೆ ಪಾಸಾಗಿ ಬಿಐಎಸ್ ನೋಂದಣಿ ಪಡೆಯದ ಸಿಸಿ ಕ್ಯಾಮೆರಾ ಮಾರುವಂತಿಲ್ಲ. ಗೋಡೆಗೆ ಹಚ್ಚಿದ ಡಬ್ಬಿಗೆ ಸರ್ಟಿಫಿಕೇಟ್ ಉಂಟು, ಹಚ್ಚಿದವನಿಗೆ ಇಲ್ಲ. ಹೀಗಾಗಿ ನಮ್ಮಲ್ಲಿ ಲೈಸೆನ್ಸಿಲ್ಲದ ಅಲಾರಂ ಅಣ್ಣ ಎಂದು ಒಬ್ಬನನ್ನು ಬೆರಳು ಮಾಡಿ ತೋರಿಸುವುದೇ ತಪ್ಪು. ಇರುವವರೆಲ್ಲ ಅವರೇ.

"ಅಮೆರಿಕದಾಗ ಹಂಗಲ್ಲ, ಎಲ್ಲಾ ಕಾನೂನು ಪ್ರಕಾರ" ಎನ್ನುವ ಒಬ್ಬರು ಪ್ರತಿ ಕಟ್ಟೆಯ ಮೇಲೂ ಇರುತ್ತಾರೆ, ಮಗ ಅಲ್ಲಿ ಇರುತ್ತಾನೆ. ಅವರ ಮಾತು ನಿಜವೇ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳಲ್ಲಿ ಅಲಾರಂ ಕೂಡಿಸುವ ಧಂದೆಗೆ ಸರ್ಕಾರದ ಪರವಾನಗಿ ಬೇಕು. ಆದರೆ ಆ ಟೆಕ್ಸಾಸಿನ ಡಲ್ಲಾಸ್ ಸುತ್ತಿನಲ್ಲೇ ದೊಡ್ಡ ಹೆಸರಿನ ಕಂಪನಿಯೊಂದರ ಟೆಕ್ನಿಷಿಯನ್ 2021ರಲ್ಲಿ ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡ. ಕ್ಯಾಮೆರಾ ಕೂಡಿಸುವಾಗ ಗಿರಾಕಿಯ ಖಾತೆಗೆ ತನ್ನ ಇಮೇಲನ್ನೂ ಸೇರಿಸಿಕೊಂಡು, ಸುಮಾರು 200 ಮನೆಗಳ ಖಾಸಗಿ ಕೋಣೆಗಳನ್ನು ನಾಲ್ಕೂವರೆ ವರ್ಷಗಳಲ್ಲಿ 9,600ಕ್ಕೂ ಹೆಚ್ಚು ಸಲ ಕದ್ದು ನೋಡಿದ್ದ. ಜೈಲಾಯಿತು. ಕಂಪನಿಗೆ ಲೈಸೆನ್ಸ್ ಇತ್ತು, ಸಮವಸ್ತ್ರ ಇತ್ತು, ಗಾಡಿಯ ಮೇಲೆ ಬೋರ್ಡೂ ಇತ್ತು. ಬೇಲಿಯೇ ಹೊಲ ಮೇಯ್ದದ್ದಕ್ಕೆ ಬೇಲಿಗೆ ರಿಜಿಸ್ಟ್ರೇಶನ್ ಇಲ್ಲದ್ದೇ ಕಾರಣ ಎನ್ನಲಾಗದು.

ಹಾಗೆಂದರೆ ಕಾಗದ ನಮ್ಮನ್ನು ಪೂರ್ತಿ ಕಾಯುವುದಿಲ್ಲ. ಕಾಯುವುದು ಏನು? ನಮ್ಮ ಸೀಮೆಯ ಹಳಬರಿಗೆ ಇದರ ಉತ್ತರ ಗೊತ್ತಿತ್ತು.

1535ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಬರೆದಿಟ್ಟಿದ್ದಾನೆ: ರಾಜಧಾನಿಯಲ್ಲಿ ಕಳವಾದರೆ ಕಾವಲಿನ ದೊಡ್ಡ ನಾಯಕನೇ ಲೆಕ್ಕ ಕೊಡಬೇಕು, ಆದ್ದರಿಂದ ಅಲ್ಲಿ ಕಳವು ಕಡಿಮೆ. ಆದರೂ ಆದರೆ, ಸಣ್ಣದೊಂದು ಉಡುಗೊರೆ ಕೊಟ್ಟು ಕಳ್ಳನ ಚಹರೆ ಹೇಳಿದರೆ ಸಾಕು, ಅವನು ಊರಲ್ಲಿದ್ದಾನೋ ಇಲ್ಲವೋ ಎಂದು ಮಾಟಗಾರರಿಂದ ತಿಳಿದು ಹೇಳುತ್ತಿದ್ದರಂತೆ. ಈಗ ಅಣ್ಣ "ಇದು ಎಐ ಕ್ಯಾಮೆರಾ ರೀ, ಮುಖ ನೋಡೇ ಕಳ್ಳ ಅಂತ ಹೇಳ್ತೈತಿ" ಎಂದು ಎರಡು ಸಾವಿರ ಜಾಸ್ತಿ ಕೇಳುವುದನ್ನು ನೋಡಿದರೆ ಮಾಟಗಾರರ ವಂಶ ಅಳಿದಿಲ್ಲ ಎನಿಸುತ್ತದೆ. ಆದರೆ ನುನಿಜ್ ಹೇಳಿದ್ದರಲ್ಲಿ ಮಾಟ ಮುಖ್ಯವಲ್ಲ. ಲೆಕ್ಕ ಕೊಡಬೇಕಾದವನು ಒಬ್ಬನಿದ್ದ ಎಂಬುದು ಮುಖ್ಯ.

ಹಳ್ಳಿಯಲ್ಲಿ ಆ ಲೆಕ್ಕ ತಳವಾರನ ತಲೆಯ ಮೇಲಿತ್ತು, ತೆಲುಗಿನವರ ತಳಾರಿ. ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ 1812ರ ಐದನೆಯ ವರದಿಯಲ್ಲಿ ಅವನ ಕೆಲಸದ ವಿವರವಿದೆ: ಅಪರಾಧದ ಸುಳಿವು ಹಿಡಿಯುವುದು, ಊರಿಂದೂರಿಗೆ ಹೋಗುವವರನ್ನು ಕಾಪಾಡಿ ಮುಟ್ಟಿಸುವುದು. ಅವನ ಜೊತೆಗಾರ ತೋಟಿ ಬೆಳೆ ಕಾಯಬೇಕು. ಇಬ್ಬರಿಗೂ ಇನಾಂ ಹೊಲ, ಸುಗ್ಗಿಯಲ್ಲಿ ಕಣದ ಮೇಲೆ ಕಾಳಿನ ಪಾಲು. ದಕ್ಷಿಣದ ಕಾವಲು ಪದ್ಧತಿಯಲ್ಲಿ ಕಟ್ಟಲೆ ಒಂದೇ: ಕಳವಾದದ್ದನ್ನು ಹುಡುಕಿಕೊಡು, ಇಲ್ಲವೇ ಕಟ್ಟಿಕೊಡು. ಆ ಪದ್ಧತಿಯೇನು ಸತ್ಯಯುಗದ್ದಲ್ಲ. ಕಾವಲು ಕೂಲಿ ಕೊಡದ ಊರಿನಲ್ಲಿ ಪಾಳೆಯಗಾರರ ಕಾವಲವರೇ ಕಳವು ಮಾಡಿಸುತ್ತಿದ್ದರೆಂಬ ದೂರು ಕಂಪನಿಯ ಕಾಗದಗಳಲ್ಲಿ ಬೇಕಾದಷ್ಟಿದೆ. ಆದರೂ ತಳವಾರನ ಮನೆ ಊರೊಳಗಿತ್ತು, ಹೊಲ ಊರ ಸರಹದ್ದಿನಲ್ಲಿತ್ತು. ಫೋನ್ ಸ್ವಿಚಾಫ್ ಮಾಡಿ ಗಿಲ್ಲೇಸುಗೂರಿನ ಕಡೆ ಹೋಗಿಬಿಡಲು ಅವನಿಗೆ ದಾರಿಯಿರಲಿಲ್ಲ.

ಆದ್ದರಿಂದ ಅಣ್ಣನನ್ನು ಕೇಳಬೇಕಾದದ್ದು "ಲೈಸೆನ್ಸ್ ಐತೇನು?" ಎಂದಲ್ಲ. "ಎಲ್ಲಿ ಸಿಗ್ತಿ, ಏನು ಬರಕೊಡ್ತಿ, ನಿನ್ನ ಕೈಯಾಗ ಏನು ಉಳಿತೈತಿ?" ಎಂದು.

ಮೊದಲನೆಯದು ಸುಲಭ. ಅವನ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಅಂಗಡಿ ಇದೆಯೇ, ಬೋರ್ಡಿದೆಯೇ, ಪಕ್ಕದ ಕಿರಾಣಿಯವರು ಅವನನ್ನು ಬಲ್ಲರೇ. ಪಕ್ಕದವರು ಅವನ ಹೆಸರು ಕೇಳಿದೊಡನೆ "ನಿಮಗೂ ಕೊಡಬೇಕೇನ್ರಿ?" ಎಂದರೆ ಚಹಾ ಕುಡಿಯದೆ ಹಿಂದಿರುಗಿ.

ಎರಡನೆಯದು ಬಿಲ್ಲು. ಬಿಲ್ ಎಂದೊಡನೆ ಅಣ್ಣನ ಮುಖ ಸಣ್ಣದಾಗುತ್ತದೆ. "ಬಿಲ್ ಬೇಕಂದ್ರ 18 ಪರ್ಸೆಂಟ್ ಜಾಸ್ತಿ ಆಗ್ತೈತ್ರಿ" ಎನ್ನುತ್ತಾನೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಸಣ್ಣ ವ್ಯಾಪಾರಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ಅದು ಅವನ ತಪ್ಪಲ್ಲ. ಆದರೆ ನೋಂದಣಿ ಇಲ್ಲದವನು ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ನಂಬರಿಲ್ಲದೆ 18 ಪರ್ಸೆಂಟ್ ಕೇಳಿದರೆ ಅದು ಅಣ್ಣ ಸ್ವತಃ ಹಾಕಿದ ತೆರಿಗೆ. ನೋಂದಣಿ ಇಲ್ಲದಿದ್ದರೂ ಬಿಳಿ ಹಾಳೆಯಲ್ಲಿ ಹೆಸರು, ವಿಳಾಸ, ಸಾಮಾನಿನ ಕಂಪನಿ ಮತ್ತು ಮಾಡೆಲ್ ನಂಬರು, ವಾರಂಟಿ ಎಷ್ಟು ದಿನ, ಕೊಟ್ಟ ದುಡ್ಡು, ಇಷ್ಟು ಬರೆದು ಸಹಿ ಹಾಕಲು ಯಾವ ಸರ್ಕಾರವೂ ಅಡ್ಡ ಬರುವುದಿಲ್ಲ. ದುಡ್ಡನ್ನು ಫೋನ್‌ಪೇ ಮಾಡಿ, ಕೈಗೆ ಕೊಡಬೇಡಿ. ಪೂರ್ತಿಯನ್ನಂತೂ ಕರೆಂಟು ತೆಗೆದು ಕೂಗಿಸಿ ನೋಡುವವರೆಗೆ ಕೊಡಲೇಬೇಡಿ.

ಕೆಲಸ ಕೆಟ್ಟರೆ ಅಣ್ಣ ಆಚೆ ದಂಡೆಯವನು, ನಾವು ಈಚೆಯವರು, ಯಾವ ರಾಜ್ಯದ ಕೋರ್ಟಿಗೆ ಹೋಗುವುದು ಎಂದು ಗಡಿಯವರಿಗೆ ಹೆದರಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಗಂಟನ್ನು ಬಿಡಿಸಿಬಿಟ್ಟಿದೆ: ಮಾರಿದವನು ಎಲ್ಲಿಯವನಾದರೂ ಸರಿ, ಕೊಂಡವನು ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ರಾಯಚೂರಿನ ಅಣ್ಣ ಕರ್ನೂಲಿಗೆ ಬರಬೇಕು. ವಕೀಲರು ಬೇಕೇ ಬೇಕೆಂದಿಲ್ಲ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಒಂದು ಫೋನು. ಬಹಳ ಅಣ್ಣಂದಿರಿಗೆ ಅಷ್ಟೂ ಬೇಕಾಗುವುದಿಲ್ಲ, "1915ಕ್ಕ ಹಚ್ಚಲೇನಪ್ಪಾ?" ಎಂದರೆ ಎರಡೂ ಫೋನು ವ್ಯಾಪ್ತಿಯೊಳಗೆ ಬರುತ್ತವೆ.

ಮೂರನೆಯದೇ ಮುಖ್ಯ, ಅವನ ಕೈಯಲ್ಲಿ ಉಳಿಯುವುದು. ಏಣಿ ಒಯ್ಯುತ್ತಾನೆ, ಡ್ರಿಲ್ ಒಯ್ಯುತ್ತಾನೆ, ಪಾಸ್‌ವರ್ಡನ್ನೂ ಒಯ್ಯುತ್ತಾನೆ. ನೂರು ಮನೆಗೆ ಅವನು ಇಟ್ಟ ಪಾಸ್‌ವರ್ಡ್ ಒಂದೇ: ಅಡ್ಮಿನ್, ಒಂದು ಎರಡು ಮೂರು ನಾಲ್ಕು. ಇಂಥ ಸೋಮಾರಿತನ ಎಷ್ಟು ದೂರ ಹೋಗಬಹುದು ಎಂದರೆ, 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ದೊಡ್ಡ ತಾಣಗಳು ತಾಸುಗಟ್ಟಲೆ ಕೈಕೊಟ್ಟವು. ಹೊಡೆದದ್ದು ಮಿರಾಯ್ ಎಂಬ ವೈರಸ್ಸಿನ ಸೈನ್ಯ. ಆ ಸೈನ್ಯದಲ್ಲಿದ್ದದ್ದು ಜಗತ್ತಿನ ಗೋಡೆಗಳಿಗೆ ನೇತುಹಾಕಿದ್ದ ಕ್ಯಾಮೆರಾ, ಡಿವಿಆರ್‌ಗಳು. ಫ್ಯಾಕ್ಟರಿಯಲ್ಲಿ ಇಟ್ಟ ಸುಮಾರು 60 ಪಾಸ್‌ವರ್ಡುಗಳನ್ನು ಒಂದೊಂದಾಗಿ ತಟ್ಟಿ ನೋಡಿ ಅದು ಒಳಹೊಕ್ಕಿತ್ತು. ಯಾರದೋ ಹಿತ್ತಲು ಕಾಯಲು ಇಟ್ಟ ಡಬ್ಬಿ ಅಮೆರಿಕದ ಮೇಲೆ ಯುದ್ಧಕ್ಕೆ ಹೋಗಿತ್ತು, ಮನೆ ಯಜಮಾನನಿಗೆ ಅದು ಗೊತ್ತೂ ಇರಲಿಲ್ಲ.

ಆದ್ದರಿಂದ ಅಣ್ಣ ಗೇಟು ದಾಟಿದೊಡನೆ ಮನೆಯ ಕಾಲೇಜು ಹುಡುಗಿಯನ್ನು ಕರೆದು ಪಾಸ್‌ವರ್ಡ್ ಬದಲಿಸಿರಿ. ಆ್ಯಪಿನಲ್ಲಿ ಯಾರ ಯಾರ ನಂಬರು, ಇಮೇಲು ಸೇರಿದೆ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಅಣ್ಣನ ಹೆಸರು ಕಂಡರೆ ಅಳಿಸಿಬಿಡಿ. ಖಾತೆ ನಿಮ್ಮ ನಂಬರಿನ ಮೇಲೇ ತೆರೆಯಲಿ, ಓಟಿಪಿ ನಿಮ್ಮ ಫೋನಿಗೇ ಬರಲಿ. ಮಲಗುವ ಕೋಣೆಗೆ ಕ್ಯಾಮೆರಾ ಬೇಡವೇ ಬೇಡ. ಅಲ್ಲಿ ಕಳುವಾಗಬಹುದಾದ ಚಿನ್ನಕ್ಕಿಂತ ಮಾನ ದೊಡ್ಡದು.

ಇಷ್ಟೆಲ್ಲ ತಾಪತ್ರಯ ಯಾಕೆ, ನಾಲ್ಕು ದಿನ ಊರಿಗೆ ಹೋಗುವುದಷ್ಟೇ ಎನ್ನುವವರಿಗೆ ಆಂಧ್ರ ಪೊಲೀಸರು 2017ರ ಸುಮಾರಿಗೆ ಒಂದು ವ್ಯವಸ್ಥೆ ತಂದರು, ಎಲ್‌ಎಚ್‌ಎಂಎಸ್ ಎಂದು. ಕೀಲಿ ಹಾಕಿದ ಮನೆಯ ಮೇಲೆ ಕಣ್ಣಿಡುವ ಯೋಜನೆ. ಆ್ಯಪಿನಲ್ಲಿ ಹೆಸರು ನೋಂದಾಯಿಸಿ, ಊರಿಗೆ ಹೋಗುವ ಮುನ್ನ ತಿಳಿಸಿದರೆ ಪೊಲೀಸರೇ ಬಂದು ಮನೆಯೊಳಗೆ ಸಣ್ಣ ಕ್ಯಾಮೆರಾ ಇಟ್ಟುಹೋಗುತ್ತಾರೆ. ಒಳಗೆ ಯಾರಾದರೂ ಅಲುಗಾಡಿದರೆ ಸುದ್ದಿ ಕಂಟ್ರೋಲ್ ರೂಮಿಗೆ. ದುಡ್ಡಿಲ್ಲ. ಇದನ್ನು ಕೇಳಿ ನಮ್ಮ ಕಟ್ಟೆಯ ಹಿರಿಯರೊಬ್ಬರು ಬಹಳ ಹೊತ್ತು ಯೋಚಿಸಿ ಅಂದರು: "ಪೊಲೀಸ್ರನ್ನ ನಾವಾಗೇ ಕರದು ತಿಜೂರಿ ತೋರ್ಸೂದಾ?" ಅನುಮಾನದಲ್ಲಿ ನಮ್ಮವರು ಯಾರಿಗೂ ಭೇದ ಮಾಡುವುದಿಲ್ಲ.

ಒಂದು ಮಾತು ಮಾತ್ರ ನಗುವಂಥದ್ದಲ್ಲ. ಮಂತ್ರಾಲಯ, ಕೋಸಿಗಿ, ಕೌತಾಳಂ ಕಡೆಯ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಓಣಿಗೆ ಓಣಿಯೇ ಕೀಲಿ ಜಡಿದು ಗುಂಟೂರಿಗೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಹೋಗುತ್ತದೆ. ಮನೆ ತಿಂಗಳುಗಟ್ಟಲೆ ಖಾಲಿ. ಅಲಾರಂ ಬೇಕಾದದ್ದು ಅವರಿಗೆ. ಆದರೆ ಅಲ್ಲಿಗೆ ಯಾವ ಅಣ್ಣನೂ ಏಣಿ ಹೊತ್ತು ಹೋಗುವುದಿಲ್ಲ. ದಿನವಿಡೀ ಪಡಸಾಲೆಯಲ್ಲಿ ಕೂತು ಟಿವಿ ನೋಡುವ, ಒಂದು ತಾಸೂ ಮನೆ ಖಾಲಿ ಬಿಡದ ನಮ್ಮಂಥವರ ಗೋಡೆಗೆ ಮಾತ್ರ ನಾಲ್ಕು ಕ್ಯಾಮೆರಾ. ಗುಂಟೂರಿಗೆ ಹೋಗುವವರು ಕೀಲಿಕೈಯನ್ನು ಊರಲ್ಲಿ ಉಳಿದ ಮುದುಕಿಯ ಕೈಗೆ ಕೊಟ್ಟು ಹೋಗುತ್ತಾರೆ. ಆಕೆಗೆ ಪಾಸ್‌ವರ್ಡ್ ಇಲ್ಲ. ಸುಳ್ಳು ಕೂಗೂ ಇಲ್ಲ.

ತಳವಾರನ ಹಳೇ ಷರತ್ತನ್ನು ಅಣ್ಣನ ಮುಂದೆ ಇಟ್ಟು ನೋಡಬೇಕೆಂದು ನಮ್ಮ ಓಣಿಯ ಯಜಮಾನ್ತಿಯೊಬ್ಬರು ಈಚೆಗೆ ಹಟ ಹಿಡಿದರು. ಅಣ್ಣ ಕೊಟೇಶನ್ ಕೊಟ್ಟಿದ್ದ, ಡ್ರಿಲ್ಲಿಗೆ ಬಿಟ್ ಹಾಕಿದ್ದ, ಹುಡುಗ ಏಣಿ ನಿಲ್ಲಿಸಿದ್ದ.

"ಎಲ್ಲಾ ಸರಿ ತಮ್ಮಾ. ನೀ ಕೂಡಿಸಿದ ಮ್ಯಾಲೂ ಕಳುವಾದ್ರ, ನೀನೇ ಕಟ್ಟಿಕೊಡ್ತೀ ಅಂತ ಒಂದು ಹಾಳಿ ಮ್ಯಾಲೆ ಬರದು ಸಹಿ ಹಾಕು."

ಅಣ್ಣ ಡ್ರಿಲ್ ಕೆಳಗಿಟ್ಟ. ಕ್ಯಾಮೆರಾ ನೋಡಿದ, ಸೆನ್ಸರ್ ನೋಡಿದ, ಹಳೇ ಬ್ಯಾಟರಿಯನ್ನೂ ಒಮ್ಮೆ ನೋಡಿದ.

"ಹಂಗಾದ್ರ ಯಮ್ಮಾ," ಎಂದ, "ನೀವು ಒಂದು ನಾಯಿ ಸಾಕ್ರಿ."

ಅವನು ಇಷ್ಟು ಮನೆಗಳಲ್ಲಿ ಕೊಟ್ಟ ಭದ್ರತಾ ಸಲಹೆಗಳಲ್ಲಿ ವಾರಂಟಿ ಇಲ್ಲದೆಯೂ ನಂಬಬಹುದಾದದ್ದು ಇದೊಂದೇ. ಅದಕ್ಕೆ ಅವನು ಫೀಸನ್ನೂ ಕೇಳಲಿಲ್ಲ.